ಗೋಡೆಯ ಮೇಲೊಂದು ಕೌದಿ: ಹಿರಿಯರೊಡನೆ ಕ್ರಿಸ್‌ಮಸ್ ಸಿಂಗಾರ

ನವೆಂಬರ್ ಅರ್ಧ ಕಳೆಯಿತೆಂದರೆ ಸಾಕು, ಮಡಗಾಂವ್, ಮಾಪ್ಸಾ, ವಾಸ್ಕೊ ಪೇಟೆಗಳಲ್ಲಿ ನಕ್ಷತ್ರಗಳು ತೂಗಾಡತೊಡಗುತ್ತವೆ. 24ರಿಂದ ಸಂತ ಫ್ರಾನ್ಸಿಸ್ ಜೇವಿಯರರ ನವದಿನ ಪ್ರಾರ್ಥನೆ, ಡಿಸೆಂಬರ್ 3ಕ್ಕೆ ಅವರ ಹಬ್ಬ, 8ಕ್ಕೆ ಅಮಲೋದ್ಭವ ಮಾತೆಯ ಹಬ್ಬ. ಅದರ ಬೆನ್ನಿಗೇ ಮನೆಮನೆಗಳಲ್ಲಿ ಸುಣ್ಣಬಣ್ಣ, ಗೋದಲಿ, ದೀಪದ ಸರ. ಈ ಗಡಿಬಿಡಿಯಲ್ಲಿ ಮನೆಯ ಹಿರಿಯರು ಎಲ್ಲಿರುತ್ತಾರೆ? ಬಹುಪಾಲು ಮನೆಗಳಲ್ಲಿ ಏಣಿ ಇಡಲು ಜಾಗ ಬೇಕೆಂದು ಅವರ ಕುರ್ಚಿಯನ್ನು ಮೂಲೆಗೆ ಸರಿಸಿರುತ್ತೇವೆ. ಎಲ್ಲ ಮುಗಿದ ಮೇಲೆ "ಅಜ್ಜಿ, ಚೆಂದ ಆಗೈತೇನು?" ಎಂದು ಕೇಳುತ್ತೇವೆ. ಅವರು "ಚೆಂದ ಆಗೈತಿ" ಎನ್ನುತ್ತಾರೆ. ಬೇರೆ ಏನು ಹೇಳಿಯಾರು?

ನಮ್ಮ ಅಂಕಣದಲ್ಲಿ ಈ ತಿಂಗಳು ಮನೆಯ ಗೋಡೆಗೆ ತೂಗುಹಾಕುವ ಕ್ರಿಸ್‌ಮಸ್ ಅಲಂಕಾರಗಳನ್ನು ಹಿರಿಯರ ಜೊತೆ ಕುಳಿತು ಕೈಯಿಂದಲೇ ಮಾಡುವ ವಿಷಯವನ್ನು ಎತ್ತಿಕೊಂಡಿದ್ದೇವೆ. ಕೃಷಿ ಮತ್ತು ಆರೋಗ್ಯದ ಪುಟದಲ್ಲಿ ಅಲಂಕಾರಕ್ಕೇನು ಕೆಲಸ ಎಂದು ಕೆಲವರಿಗೆ ಅನ್ನಿಸಬಹುದು. ಬಟ್ಟೆ, ಬಿದಿರು, ಹುಲ್ಲು, ನಾರು, ಭತ್ತದ ತೆನೆ ಎಲ್ಲವೂ ಹೊಲದಿಂದ ಬಂದವು. ಇನ್ನು ಬೆರಳು, ಕಣ್ಣು, ನೆನಪು, ಒಂಟಿತನ ಇವುಗಳ ಮಾತು ಆರೋಗ್ಯದ ಮಾತೇ.

2011ರ ಜನಗಣತಿಯ ಪ್ರಕಾರ ಗೋವೆಯ ಜನರಲ್ಲಿ ಶೇಕಡಾ 11ಕ್ಕಿಂತ ಹೆಚ್ಚಿನವರು ಅರವತ್ತು ದಾಟಿದವರು. ಇಡೀ ದೇಶದಲ್ಲಿ ಆಗ ಆ ಪ್ರಮಾಣ ಶೇಕಡಾ 8.6 ಇತ್ತು. ಇವರಲ್ಲಿ ನಮ್ಮ ಕನ್ನಡದ ಹಿರಿಯರ ಪಾಡೇ ಬೇರೆ. ವಿಜಾಪುರ, ಬಾಗಲಕೋಟೆ, ಗದಗ, ಹಾವೇರಿ, ಕೊಪ್ಪಳದ ಕಡೆಯಿಂದ ಮಕ್ಕಳು ಬಂದರಿಗೆ, ಗೊಬ್ಬರದ ಕಾರ್ಖಾನೆಗೆ, ಕಟ್ಟಡದ ಕೆಲಸಕ್ಕೆ ಬಂದರು. ಹಿಂದಿನಿಂದ ತಂದೆತಾಯಿ ಬಂದರು. ಊರಲ್ಲಿ ಸಂಜೆ ಕೂತು ಮಾತಾಡಲು ಕಟ್ಟೆ ಇತ್ತು, ಹೊಲ ಇತ್ತು, ದನ ಇದ್ದವು. ಇಲ್ಲಿ ಒಂದು ಕೋಣೆ, ಮುಚ್ಚಿದ ಬಾಗಿಲು, ಹೊರಗೆ ಬಂದರೆ ಕೊಂಕಣಿ. ವಿಶ್ವ ಆರೋಗ್ಯ ಸಂಸ್ಥೆಯು 2025ರ ಜೂನ್ ತಿಂಗಳಲ್ಲಿ ಹೊರತಂದ ವರದಿಯಲ್ಲಿ ಜಗತ್ತಿನ ಪ್ರತಿ ಆರು ಜನರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ ಎಂದೂ, ಅದು ವರ್ಷಕ್ಕೆ 8 ಲಕ್ಷ 71 ಸಾವಿರಕ್ಕೂ ಹೆಚ್ಚು ಸಾವುಗಳೊಂದಿಗೆ ನಂಟು ಹೊಂದಿದೆ ಎಂದೂ ಹೇಳಿದೆ. ರಕ್ತದೊತ್ತಡ, ಸಕ್ಕರೆಯನ್ನು ಅಳೆಯುವಂತೆ ಒಂಟಿತನವನ್ನು ಅಳೆಯಲು ಬಾರದು. ಆದ್ದರಿಂದ ನಾವು ಅದನ್ನು ಕಾಯಿಲೆಯೆಂದೇ ಎಣಿಸುವುದಿಲ್ಲ.

ಹಿರಿಯರನ್ನು ಹಬ್ಬದ ಕೆಲಸದಲ್ಲಿ ಸೇರಿಸಿಕೊಳ್ಳಬೇಕು ಎಂದ ಕೂಡಲೇ ನಮ್ಮ ಸಂಘಗಳವರು ಏನು ಮಾಡುತ್ತಾರೆ ನೋಡಿ. ಬಣ್ಣದ ಕಾಗದ, ಗೋಂದಿನ ಸೀಸೆ, ಹತ್ತಿಯ ಉಂಡೆ ತಂದು ಮುಂದಿಡುತ್ತಾರೆ. ಶಿಶುವಿಹಾರದ ಮಕ್ಕಳಂತೆ ಹಿಮದ ಮನುಷ್ಯನನ್ನು ಅಂಟಿಸಲು ಹೇಳುತ್ತಾರೆ. ಎಪ್ಪತ್ತೈದು ವರ್ಷದ ತಾಯಿ ಜನ್ಮದಲ್ಲಿ ಹಿಮ ಕಂಡವರಲ್ಲ. ಕಾಗದ ಕತ್ತರಿಸಲು ಕತ್ತರಿ ಹಿಡಿದರೆ ಹೆಬ್ಬೆರಳಿನ ಬುಡದ ಕೀಲು ನೋಯುತ್ತದೆ. ಅಂಟಿಸಿದ್ದು ಸೊಟ್ಟಗಾಗುತ್ತದೆ. ಆಮೇಲೆ ಸೊಸೆಯೋ ಮೊಮ್ಮಗಳೋ ಅದನ್ನು ಕಿತ್ತು ಸರಿಯಾಗಿ ಅಂಟಿಸುತ್ತಾಳೆ. ಹಿರಿಯರು ಎರಡನೆಯ ದಿನ "ತಲೆನೋವು" ಎಂದು ಬರುವುದಿಲ್ಲ. ಅದಕ್ಕಿಂತ ಮರ್ಯಾದೆಯ ನೆಪ ಅವರಿಗಾದರೂ ಎಲ್ಲಿದೆ?

ಕೈಗೆ ಕೆಲಸ ಕೊಡುವ ಮುನ್ನ ಆ ಕೈ ಆಯುಷ್ಯವಿಡೀ ಏನು ಮಾಡಿತ್ತು ಎಂದು ಕೇಳಿ. ಉತ್ತರ ಕರ್ನಾಟಕದ ತಾಯಂದಿರನ್ನು ಕೇಳಿದರೆ ಹತ್ತರಲ್ಲಿ ಎಂಟು ಮಂದಿ ಹೇಳುವ ಒಂದು ವಿದ್ಯೆ ಇದೆ: ಕೌದಿ.

ಕೌದಿಯನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಹಳೆಯ ಸೀರೆ, ಧೋತರ, ಅಂಗಿಯ ತುಂಡುಗಳನ್ನು ಪದರ ಪದರವಾಗಿ ಹಾಸಿ, ಒಳಗೆ-ಹೊರಗೆ ಸೂಜಿ ಓಡಿಸುತ್ತ ಸಾಲು ಸಾಲಾಗಿ ಹೊಲಿಯುತ್ತಾರೆ. ಚಳಿಗೆ ಹೊದಿಕೆ, ನೆಲಕ್ಕೆ ಹಾಸಿಗೆ, ಕೂಸಿಗೆ ತೊಟ್ಟಿಲ ಬಟ್ಟೆ. ಸುಗ್ಗಿ ಮುಗಿದ ಮೇಲೆ ಓಣಿಯ ನಾಲ್ಕು ಮಂದಿ ಸೇರಿ ಒಂದೊಂದು ಮೂಲೆಯಿಂದ ಹೊಲಿಯುತ್ತಿದ್ದರು. ಈ ವಿದ್ಯೆಗೂ ಗೋವೆಗೂ ಒಂದು ಹಳೆಯ ಕೊಂಡಿ ಇದೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲ್ಲೂಕುಗಳ ಕಾಡಂಚಿನಲ್ಲಿರುವ ಸಿದ್ದಿ ಜನಾಂಗದವರ ಪೂರ್ವಜರಲ್ಲಿ ಬಹಳ ಮಂದಿಯನ್ನು ಪೋರ್ಚುಗೀಸರ ಕಾಲದಲ್ಲಿ ಆಫ್ರಿಕದಿಂದ ಗುಲಾಮರಾಗಿ ಗೋವೆಗೆ ತರಲಾಗಿತ್ತು. ಇಲ್ಲಿಂದ ತಪ್ಪಿಸಿಕೊಂಡವರು, ಬಿಡುಗಡೆ ಪಡೆದವರು ಘಟ್ಟದ ಕಾಡು ಸೇರಿದರು. ನಮಗೆ ಹೆಮ್ಮೆ ತರುವ ಚರಿತ್ರೆ ಇದಲ್ಲ, ಆದರೆ ಮರೆಯಬೇಕಾದದ್ದೂ ಅಲ್ಲ. ಇಂದು ಸಿದ್ದಿಗಳಲ್ಲಿ ಕಥೋಲಿಕರು, ಹಿಂದೂಗಳು, ಮುಸಲ್ಮಾನರು ಮೂವರೂ ಇದ್ದಾರೆ. ಮೂವರ ಮನೆಯಲ್ಲೂ ಕೌದಿ ಒಂದೇ. ಕಥೋಲಿಕ ಸಿದ್ದಿ ಮಹಿಳೆಯರು ಅದರಲ್ಲಿ ಶಿಲುಬೆಯ ಆಕಾರದ ತುಂಡುಗಳನ್ನು ಸೇರಿಸುವುದುಂಟು. ಕೌದಿಯ ನಾಲ್ಕು ಮೂಲೆಗೂ ತ್ರಿಕೋನಾಕಾರದ ಪುಟ್ಟ 'ಹೂವು' ಹಚ್ಚದೆ ಅವರು ಕೆಲಸ ಮುಗಿಯಿತೆನ್ನುವುದಿಲ್ಲ. ಹೂವಿಲ್ಲದ ಕೌದಿ ಬತ್ತಲೆ ಎಂಬ ಭಾವನೆ ಅವರಲ್ಲಿದೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಜಾನ್ ಡ್ರೂವಲ್ ಅವರು ಈ ಶತಮಾನದ ಆರಂಭದಲ್ಲಿ ಈ ಮಹಿಳೆಯರ ಕೆಲಸವನ್ನು ಅಧ್ಯಯನ ಮಾಡಿದರು. ಮುಂದೆ ಅವರ ಕೌದಿಗಳು ಅಮೆರಿಕದ ಪ್ರದರ್ಶನಗಳಲ್ಲಿ ಚಿತ್ರಪಟಗಳಂತೆ ಗೋಡೆ ಏರಿದವು. ನೆಲದ ಮೇಲೆ ಹಾಸುವ ವಸ್ತುವನ್ನು ಗೋಡೆಗೆ ಹಾಕುವುದೆ ಎಂದು ಮುಖ ಸಿಂಡರಿಸುವ ಮಕ್ಕಳಿಗೆ ಈ ಸಂಗತಿಯನ್ನು ಹೇಳಬಹುದು.

ಗೋಡೆಯ ಕೌದಿಗೆ ದೊಡ್ಡ ಅಳತೆ ಬೇಡ. ಎರಡು ಅಡಿ ಅಗಲ, ಮೂರು ಅಡಿ ಉದ್ದ ಸಾಕು. ಹಳೆಯ ನೂಲಿನ ಸೀರೆಯನ್ನು ಎರಡು ಪದರ ಮಡಚಿ ಹಿಂಬದಿಗೆ ಇಡಿ. ಮೇಲೆ ಕಡುನೀಲಿ, ಕಪ್ಪು, ಗಾಢ ಹಸಿರು ತುಂಡುಗಳು ಆಕಾಶಕ್ಕೆ, ಕೆಳಗೆ ಕಂದು, ಕೆಂಪು ತುಂಡುಗಳು ನೆಲಕ್ಕೆ. ಹೊಸ ಬಟ್ಟೆ ಬೇಡ, ಪಾಲಿಯೆಸ್ಟರ್ ಅಂತೂ ಬೇಡವೇ ಬೇಡ. ಸೂಜಿ ಸುಲಭವಾಗಿ ಇಳಿಯುವುದು ಹತ್ತಾರು ಸಲ ಒಗೆದು ಮೆತ್ತಗಾದ ಹತ್ತಿಯ ಬಟ್ಟೆಯಲ್ಲಿ. ಕೀಲುನೋವಿನ ಬೆರಳುಗಳಿಗೆ ಈ ವ್ಯತ್ಯಾಸ ದೊಡ್ಡದು. ಅದೇ ಕಾರಣಕ್ಕೆ ಮೂರು ಪದರ ಮೀರಬೇಡಿ. ನಿಜವಾದ ಹಾಸಿಗೆಯ ಕೌದಿಗೆ ಹಾಕುವಷ್ಟು ದಪ್ಪ ಗೋಡೆಗೆ ಬೇಕಿಲ್ಲ.

ಸಿದ್ದಿ ಮಹಿಳೆಯರು ಒಂದು ಮೂಲೆಯಲ್ಲಿ ಆರಂಭಿಸಿ ಅಂಚಿನುದ್ದಕ್ಕೂ ಸುತ್ತು ಹಾಕುತ್ತ ನಡುವಿಗೆ ಬರುತ್ತಾರೆ. ಈ ಕ್ರಮ ನಮ್ಮ ಕೆಲಸಕ್ಕೂ ಒಳ್ಳೆಯದು. ಆಗಮನ ಕಾಲದ ನಾಲ್ಕು ವಾರಗಳಲ್ಲಿ ವಾರಕ್ಕೊಂದು ಸುತ್ತಿನಂತೆ ಹೊಲಿದರೆ ನಡುವಿನ ನಕ್ಷತ್ರ ಕೊನೆಯ ವಾರಕ್ಕೆ ಬರುತ್ತದೆ. ನಮ್ಮ ಉತ್ತರದ ತಾಯಂದಿರು ನಕ್ಷತ್ರ ಎನ್ನುವುದಿಲ್ಲ, ಚಿಕ್ಕಿ ಎನ್ನುತ್ತಾರೆ. ಚಿಕ್ಕಿ ಮಾಡಲು ಅಳತೆಪಟ್ಟಿ ಬೇಕಿಲ್ಲ. ನಡುವೆ ಒಂದು ಚೌಕದ ತುಂಡು. ಚೌಕದ ಬಟ್ಟೆಯನ್ನೇ ಮೂಲೆಗೆ ಮೂಲೆ ಸೇರಿಸಿ ಮಡಚಿದರೆ ತ್ರಿಕೋನ. ಅಂಥ ನಾಲ್ಕನ್ನು ಚೌಕದ ನಾಲ್ಕು ಬದಿಗೆ ಇಟ್ಟರೆ ನಾಲ್ಕು ಮೊನೆಯ ಚಿಕ್ಕಿ. ಕೆಳಗಿನ ಮೊನೆಗೆ ಉದ್ದನೆಯ ತುಂಡು ಕೊಟ್ಟರೆ ಬೆತ್ಲೆಹೇಮಿನ ನಕ್ಷತ್ರ. ತುಂಡುಗಳ ಅಂಚನ್ನು ಕಾಲಂಗುಲ ಒಳಗೆ ಮಡಚಿ ಹೊಲಿದರೆ ಎಳೆ ಬಿಚ್ಚುವುದಿಲ್ಲ. ಮೇಲಂಚಿನಲ್ಲಿ ಲಂಗದ ಲಾಡಿ ಪೋಣಿಸುವಂತೆ ಒಂದು ಮಡಿಕೆ ಹೊಲಿದು, ಅದರೊಳಗೆ ಬಿದಿರುಕಡ್ಡಿ ತೂರಿಸಿ ಎರಡೂ ತುದಿಗೆ ಹುರಿ ಕಟ್ಟಿದರೆ ತೂಗುಹಾಕಲು ಸಿದ್ಧ.

ಇದೆಲ್ಲ ನಾವು ಹೇಳುವ ಕ್ರಮ. ಕೂತ ಮೇಲೆ ತಾಯಂದಿರು ಅವರ ಕ್ರಮವನ್ನೇ ಹಿಡಿಯುತ್ತಾರೆ. "ಫಾದರ್, ಹಿಂಗ ಹಿಡದ್ರ ಅರಿವಿ ಸುಕ್ಕ ಆಗ್ತೈತ್ರಿ, ಇತ್ತ ಕೊಡ್ರಿ" ಎಂದು ಕೈಯಿಂದ ಕಸಿದುಕೊಳ್ಳುತ್ತಾರೆ. ಕಸಿದುಕೊಳ್ಳಲಿ ಎಂದೇ ನಾವು ಕೂತಿರಬೇಕು. ಮೊಮ್ಮಗಳು ಶಾಲೆಯಿಂದ ಬಂದು "ಅಜ್ಜಿ, ಇದು ಹೆಂಗ?" ಎಂದು ಕೇಳುವುದಕ್ಕೂ, "ಅಜ್ಜಿ, ಬಿಡು ನಾ ಮಾಡ್ತೀನಿ" ಎನ್ನುವುದಕ್ಕೂ ಇರುವ ಅಂತರವನ್ನು ಯಾವ ಔಷಧಿಯೂ ತುಂಬಲಾರದು.

ಕಣ್ಣಿನ ಮಾತಿಗೆ ಬರೋಣ. ಇಪ್ಪತ್ತರ ವಯಸ್ಸಿನಲ್ಲಿ ಕಣ್ಣಿನ ಒಳಪರದೆಗೆ ತಲುಪುವ ಬೆಳಕಿನ ಸುಮಾರು ಮೂರನೆಯ ಒಂದು ಭಾಗ ಮಾತ್ರ ಅರವತ್ತರಲ್ಲಿ ತಲುಪುತ್ತದೆ ಎಂದು ತಜ್ಞರ ಅಂದಾಜು. ಪಾಪೆ ಕಿರಿದಾಗಿರುತ್ತದೆ, ಮಸೂರ ಹಳದಿಯಾಗಿರುತ್ತದೆ. ಮಗನಿಗೆ ಸಾಕಾಗುವ ಒಂದು ಬಲ್ಬು ತಾಯಿಗೆ ಸಾಲದು. ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರವರೆಗೆ ಕಿಟಕಿಯ ಬಳಿ, ಬೆಳಕು ಭುಜದ ಹಿಂದಿನಿಂದ ಬೀಳುವಂತೆ ಕೂರಿಸಿ; ಎದುರಿನಿಂದ ಬಿದ್ದರೆ ಕಣ್ಣು ಕುಕ್ಕುತ್ತದೆ. ವಯಸ್ಸಾದಂತೆ ನೀಲಿ ಮತ್ತು ಹಸಿರನ್ನು ಬೇರ್ಪಡಿಸುವುದು ಕಷ್ಟ. ಆದ್ದರಿಂದ ಕಡುಬಣ್ಣದ ಬಟ್ಟೆಗೆ ಬಿಳಿಯ ದಪ್ಪ ನೂಲನ್ನೇ ಕೊಡಿ. ಹೊಲಿಗೆ ಎದ್ದು ಕಾಣುತ್ತದೆ, ಕತ್ತಲ ಆಕಾಶದಲ್ಲಿ ಅದೇ ಒಂದು ಸಿಂಗಾರವೂ ಆಗುತ್ತದೆ. ಸೂಜಿಗೆ ನೂಲು ಪೋಣಿಸುವುದು ಮಾತ್ರ ಮಕ್ಕಳ ಪಾಲಿಗಿರಲಿ. ಶಾಲೆಗೆ ಹೋಗುವ ಮುನ್ನ ಹತ್ತು ಸೂಜಿಗೆ ಪೋಣಿಸಿ ದಿಂಬಿಗೆ ಚುಚ್ಚಿಟ್ಟು ಹೋದರೆ ಅಜ್ಜಿ ಯಾರನ್ನೂ ಕರೆಯದೆ ಕೆಲಸ ಮಾಡಬಹುದು. ಕನ್ನಡಕ ಹಾಕಿದರೂ ಹೊಲಿಗೆ ಮಸಕಾಗಿ ಕಂಡರೆ, ದೀಪದ ಸುತ್ತ ಬಳೆಯಂತೆ ಬೆಳಕು ಕಂಡರೆ ಅದು ಪೊರೆಯ ಲಕ್ಷಣವಿರಬಹುದು. ಕೌದಿಯ ನೆಪದಲ್ಲಿ ಅದು ಗೊತ್ತಾದರೆ ಹಬ್ಬ ಕಳೆಯುವ ತನಕ ಕಾಯದೆ ಕಣ್ಣಿನ ವೈದ್ಯರಿಗೆ ತೋರಿಸಿ.

ಮಧುಮೇಹ ಇರುವವರ ಬಗ್ಗೆ ಹೆಚ್ಚು ಎಚ್ಚರ ಬೇಕು. ಬಹುಕಾಲದ ಸಕ್ಕರೆ ಕಾಯಿಲೆಯಲ್ಲಿ ಬೆರಳ ತುದಿಯ, ಅಂಗಾಲಿನ ಸ್ಪರ್ಶ ಕುಂದುತ್ತದೆ. ಸೂಜಿ ಚುಚ್ಚಿದ್ದೂ ತಿಳಿಯದು. ದರ್ಜಿಗಳು ಬೆರಳಿಗೆ ಹಾಕುವ ತಗಡಿನ ಟೊಪ್ಪಿಗೆ ಹಾಕಿಸಿ, ಏಳುವಾಗ ಬೆರಳುಗಳನ್ನು ಒಮ್ಮೆ ನೋಡಿ. ಅದಕ್ಕಿಂತ ದೊಡ್ಡ ಅಪಾಯ ನೆಲಕ್ಕೆ ಬಿದ್ದ ಸೂಜಿ. ಕೂರುವಾಗ ಎಷ್ಟು ಸೂಜಿ, ಏಳುವಾಗ ಎಷ್ಟು ಸೂಜಿ ಎಂದು ಎಣಿಸುವುದು ಕಡ್ಡಾಯ. ಹಾಳಾದ ಸ್ಪೀಕರಿನ ಒಳಗಿನ ಆಯಸ್ಕಾಂತವನ್ನು ಚಾಪೆಯ ಮೇಲೆ ಆಡಿಸಿದರೆ ಕಳೆದದ್ದು ಸಿಗುತ್ತದೆ. ಸಕ್ಕರೆ ಕಾಯಿಲೆಯವರ ಕಾಲಿನ ಎಷ್ಟೋ ಹುಣ್ಣುಗಳು ಇಂಥ ಗೊತ್ತಾಗದ ಚುಚ್ಚುಗಾಯದಿಂದಲೇ ಶುರುವಾಗುತ್ತವೆ.

ಬೆಳಗಿನ ಹೊತ್ತು ಬೆರಳು ಮರಗಟ್ಟಿದವರು ಬೆಚ್ಚನೆಯ ನೀರಿನಲ್ಲಿ ಹತ್ತು ನಿಮಿಷ ಕೈ ಇಟ್ಟು ಮಡಚಿ ಬಿಚ್ಚಿದರೆ ಹೊಲಿಗೆ ಸಲೀಸು. ನೆಲದಲ್ಲಿ ಕಾಲು ಚಾಚಿ ಕೂರುವುದು ಅಭ್ಯಾಸವಿದ್ದವರು ಹಾಗೆಯೇ ಕೂರಲಿ. ಮಂಡಿಯ ಶಸ್ತ್ರಚಿಕಿತ್ಸೆ ಆದವರಿಗೆ ಮೇಜು, ಕುರ್ಚಿ. ಯಾರಾದರೂ ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಬೇಕು. ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರು ಏಳುವಾಗ ಅವಸರ ಮಾಡಬಾರದು, ಕಣ್ಣು ಕತ್ತಲೆಗಟ್ಟಿ ಬೀಳುವುದುಂಟು. ಒಟ್ಟು ಮುಕ್ಕಾಲು ಗಂಟೆಯ ಕೆಲಸ ಸಾಕು. ಬೇಸರವಾಗುವ ಮೊದಲು ನಿಲ್ಲಿಸಿದರೆ ಮರುದಿನ ತಾವಾಗಿಯೇ ಚೀಲ ಬಿಚ್ಚುತ್ತಾರೆ.

ಮರೆವಿನ ಕಾಯಿಲೆ ಇರುವವರ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಇಂದು ಬೆಳಿಗ್ಗೆ ಏನು ತಿಂದೆ ಎಂಬುದನ್ನು ಇಡುವ ನೆನಪಿನ ಉಗ್ರಾಣ ಬೇರೆ, ಕೈ ಕಲಿತ ಕೆಲಸವನ್ನು ಇಡುವ ಉಗ್ರಾಣ ಬೇರೆ. ಆಲ್ಝೈಮರ್ ಕಾಯಿಲೆ ಮೊದಲನೆಯದನ್ನು ಬೇಗ ಬರಿದುಮಾಡುತ್ತದೆ, ಎರಡನೆಯದು ಬಹುಕಾಲ ಉಳಿಯುತ್ತದೆ. ಹೀಗಾಗಿ ಮಗನ ಹೆಸರು ತಡವರಿಸುವ ತಾಯಿಯೂ ಸೂಜಿ ಕೈಗೆ ಕೊಟ್ಟರೆ ನೇರ ಸಾಲು ಹೊಲಿಯುವುದನ್ನು ಕಾಣಬಹುದು. ಇಂಥವರಿಗೆ ನಾಲ್ಕು ಕೆಲಸ ಒಟ್ಟಿಗೆ ಹೇಳಬೇಡಿ. ಒಂದು ಸಾಲು, ಅದು ಮುಗಿದ ಮೇಲೆ ಇನ್ನೊಂದು. ಹೊಲಿದದ್ದನ್ನೇ ಮತ್ತೆ ಹೊಲಿದರೆ ತಿದ್ದಬೇಡಿ, ಕೌದಿಗೆ ಹೊಲಿಗೆ ಹೆಚ್ಚಾದರೆ ನಷ್ಟವಿಲ್ಲ. ಸೂಜಿ ಕೊಡಲು ಭಯವಾದರೆ ಚಿಂದಿಗಳನ್ನು ಬಣ್ಣಕ್ಕೆ ತಕ್ಕಂತೆ ವಿಂಗಡಿಸುವ ಕೆಲಸ ಕೊಡಿ. ಆ ಚಿಂದಿಯಲ್ಲಿ ತಮ್ಮದೇ ಹಳೆಯ ಸೀರೆಯ ಅಂಚು ಸಿಕ್ಕಿತೆಂದರೆ ಮಾತು ಹೊರಡುತ್ತದೆ. ಯಾವ ಸಂತೆಯಲ್ಲಿ ಕೊಂಡದ್ದು, ಯಾರ ಮದುವೆಯಲ್ಲಿ ಉಟ್ಟದ್ದು ಎಂಬ ಮಾತು. ಸಂಜೆಯಾದಂತೆ ಇವರಲ್ಲಿ ಗೊಂದಲ, ಕಳವಳ ಹೆಚ್ಚುವುದರಿಂದ ಇದೆಲ್ಲ ಬೆಳಗಿನ ಕೆಲಸವಾಗಿರಲಿ.

ಇನ್ನು ಗಂಡಸರು. ಅಜ್ಜಂದಿರು ಸೂಜಿ ಮುಟ್ಟುವುದಿಲ್ಲ, ಅದು ಹೆಂಗಸರ ಕೆಲಸ ಎನ್ನುತ್ತಾರೆ. ಗೋವೆಯ ದರ್ಜಿಗಳಲ್ಲಿ ಗಂಡಸರೆಷ್ಟು ಎಂದು ಕೇಳಿದರೆ ನಗುತ್ತಾರೆಯೇ ಹೊರತು ಸೂಜಿ ಹಿಡಿಯುವುದಿಲ್ಲ. ಇರಲಿ, ಅವರ ಕೈಗೆ ಹುರಿ ಕೊಡಿ. ಪುಂಡಿನಾರನ್ನು ತೊಡೆಯ ಮೇಲೆ ಹೊಸೆದು ಎತ್ತಿಗೆ ಹಗ್ಗ ಮಾಡಿದವರು ಅವರು. ಇಲ್ಲಿ ಪುಂಡಿ ಸಿಗದು, ತೆಂಗಿನ ನಾರು ಧಾರಾಳ. ಅದು ಒರಟು ಎಂದು ಗೊಣಗುತ್ತಲೇ ಹೊಸೆಯುತ್ತಾರೆ. ಕೈ ನಡುಗುವವರಿಗೂ ಈ ಕೆಲಸ ಹೊಂದುತ್ತದೆ, ಏಕೆಂದರೆ ಅಂಗೈ ತೊಡೆಗೆ ಆನಿಕೊಂಡಿರುತ್ತದೆ. ಹೊಸೆದ ಹಗ್ಗವನ್ನು ಬಳೆಯಾಗಿ ಸುತ್ತಿ ಅದಕ್ಕೆ ಭತ್ತದ ತೆನೆ ಕಟ್ಟಿದರೆ ಗೋಡೆಗೊಂದು ಹಾರ.

ತೆನೆಯನ್ನು ಗೋಡೆಗೆ ಕಟ್ಟುವುದು ಹೊಸತೇನಲ್ಲ. ರಾಯ್ ಗ್ರಾಮದಲ್ಲಿ ಆಗಸ್ಟ್ 5ರಂದು, ತಾಳೆಗಾಂವ್‌ನಲ್ಲಿ ಆಗಸ್ಟ್ 21ರಂದು ಮೊದಲ ತೆನೆ ಕೊಯ್ದು ಆಶೀರ್ವದಿಸುವ ಹಬ್ಬ ನಡೆಯುತ್ತದೆ. ನಮ್ಮ ಕರಾವಳಿಯಲ್ಲಿ ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಅದೇ ಕ್ರಮ. ಆದರೆ ಕ್ರಿಸ್‌ಮಸ್ ಹಾರಕ್ಕೆ ತೆನೆ ಬೇಕಾದರೆ ಕೊಯ್ಲಿನ ಹೊತ್ತಿನಲ್ಲೇ ಗದ್ದೆಯವರಿಗೆ ಹೇಳಿಡಬೇಕು. ಯಂತ್ರದಿಂದ ಕೊಯ್ದರೆ ಹುಲ್ಲು ನುಗ್ಗಾಗಿ ಬರುತ್ತದೆ, ಗಿಡ್ಡತಳಿಗಳ ಹುಲ್ಲು ಮೊದಲೇ ಮೋಟು. ಕುಡುಗೋಲಿನಿಂದ ಕೊಯ್ದ, ಕಾಂಡದಲ್ಲಿ ಇನ್ನೂ ತುಸು ಹಸಿರಿರುವ ತೆನೆಗಳನ್ನು ಕಟ್ಟು ಮಾಡಿ ನೆರಳಿನಲ್ಲಿ ತಲೆಕೆಳಗಾಗಿ ತೂಗುಹಾಕಿದರೆ ಬಣ್ಣ ನಿಲ್ಲುತ್ತದೆ. ಒಣಗಿದ ಹುಲ್ಲನ್ನು ಹೆಣೆಯುವ ಮುನ್ನ ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ಇಲ್ಲವಾದರೆ ಮುರಿಯುತ್ತದೆ. ದೂರದ ಲಿಥುವೇನಿಯ ದೇಶದಲ್ಲಿ ಹೀಗೆಯೇ ಹುಲ್ಲಿನ ಕೊಳವೆಗಳನ್ನು ನೂಲಿನಿಂದ ಪೋಣಿಸಿ ತೂಗುಹಾಕುವ ಕೆಲಸವಿದೆ. 2023ರಲ್ಲಿ ಯುನೆಸ್ಕೊ ಅದನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮಲ್ಲಿ ಹುಲ್ಲು ಇದೆ, ಹೆಣೆಯಬಲ್ಲ ಅಜ್ಜಂದಿರೂ ಇದ್ದಾರೆ.

ಬಿದಿರಿನ ನಕ್ಷತ್ರವನ್ನು ಎಲ್ಲರೂ ಬಲ್ಲರು, ಆದ್ದರಿಂದ ಎರಡೇ ಮಾತು. ಎರಡಡಿಯ ಐದು ಸೀಳು, ಪೆನ್ಸಿಲ್ ಎತ್ತದೆ ನಕ್ಷತ್ರ ಬರೆದಂತೆ ಜೋಡಿಸಿ ಮೊದಲು ಐದು ತುದಿ, ಆಮೇಲೆ ಒಳಗಿನ ಐದು ಕೂಡುಗಳನ್ನು ಕಟ್ಟಿದರೆ ಗೋಡೆಗೆ ಸಾಕು. ಒಳಗೆ ದೀಪ ಇಡುವುದಿದ್ದರೆ ಮಾತ್ರ ಎರಡು ಬೇಕು. ಬಿದಿರಿನ ಅಂಚು ಬ್ಲೇಡಿನಂತೆ ಕೊಯ್ಯುವುದರಿಂದ ಸೀಳುಗಳನ್ನು ಗೀರಿ ನಯಮಾಡಿಯೇ ಹಿರಿಯರ ಕೈಗೆ ಕೊಡಿ. ಹಸಿ ಬಿದಿರನ್ನು ಹತ್ತು-ಹದಿನೈದು ದಿನ ನೀರಿನಲ್ಲಿ ಮುಳುಗಿಸಿಟ್ಟರೆ ಹುಳು ಹಿಡಿಯುವುದು ಕಡಿಮೆ. ಕಾಗದ ಅಂಟಿಸಲು ಮೈದಾ ಸರಿಗೆ ಮೈಲುತುತ್ತ ಬೆರೆಸುವ ಹಳೆಯ ರೂಢಿ ಕೆಲವರಲ್ಲಿದೆ. ಅದು ಅಡಿಕೆ ತೋಟಕ್ಕೆ ಹೊಡೆಯುವ ವಿಷ, ಎಲೆಅಡಿಕೆ ಹಾಕುವ ಕೈಗೆ ಬೇಡ. ಹುಣಸೆಬೀಜವನ್ನು ಹುರಿದು, ಸಿಪ್ಪೆ ತೆಗೆದು, ಪುಡಿಮಾಡಿ ಕುದಿಸಿದ ಅಂಟು ಇನ್ನೂ ಗಟ್ಟಿ. ಕಂಬಳಿಗೆ ಗಂಜಿ ಹಾಕಿದ್ದನ್ನು ಕಂಡ ಹಾವೇರಿ ಕಡೆಯ ಅಜ್ಜಂದಿರಿಗೆ ಇದು ಗೊತ್ತು. ಥರ್ಮಾಕೋಲ್ ತರುವವರಿಗೆ ಒಂದು ನೆನಪು: ಅಲಂಕಾರಕ್ಕೆ ಬಳಸುವ ಥರ್ಮಾಕೋಲ್ 2022ರ ಜುಲೈ 1ರಿಂದ ದೇಶದಲ್ಲೇ ನಿಷಿದ್ಧ.

ಸಂಘಗಳವರಿಗೆ ಒಂದು ಬಿನ್ನಹ. ಇದಕ್ಕೆ ಸ್ಪರ್ಧೆ ಇಡಬೇಡಿ. ನಕ್ಷತ್ರಕ್ಕೆ, ಗೋದಲಿಗೆ ಸ್ಪರ್ಧೆ ಇವೆ, ಯುವಕರಿಗೆ ಅವು ಸಾಕು. ಬಹುಮಾನ ಎಂದ ಕೂಡಲೇ ಮನೆಯವರು ಅಜ್ಜಿಯ ಹೊಲಿಗೆ ಬಿಚ್ಚಿ ಯಂತ್ರದಲ್ಲಿ ಹೊಲಿದು ತರುತ್ತಾರೆ. ಅದರ ಬದಲು ಪಕ್ಕದ ಮನೆಯ ಕೊಂಕಣಿ ಅಜ್ಜಿಯನ್ನು ಕರೆಯಿರಿ. ಅವರ ಮನೆಯಲ್ಲಿ ಇದಕ್ಕೆ ಗೋಧಡಿ ಎಂಬ ಹೆಸರು. ಇವರಿಗೆ ಕೊಂಕಣಿ ಬಾರದು, ಅವರಿಗೆ ಕನ್ನಡ ಬಾರದು. ಹೊಲಿಗೆ ದೂರ ದೂರ ಬಿದ್ದರೆ ಬೆರಳಿನಿಂದ ತೋರಿಸಲು, ತಲೆಯಾಡಿಸಲು, ಒಂದು ಎಲೆಯನ್ನು ಇಬ್ಬರು ಹಂಚಿಕೊಳ್ಳಲು ಭಾಷೆ ಬೇಕಾಗಿಲ್ಲ. ಹತ್ತು ವರ್ಷ ಒಂದೇ ಗೋಡೆಯ ಆಚೀಚೆ ಇದ್ದು ಮಾತಾಡದವರು ಎರಡು ವಾರದಲ್ಲಿ ಒಬ್ಬರ ಮೊಮ್ಮಕ್ಕಳ ಹೆಸರನ್ನು ಇನ್ನೊಬ್ಬರು ಕಲಿಯುತ್ತಾರೆ.

ಗೋವೆಯ ಗೋಡೆಗಳಿಗೆ ತೇವ ಹೆಚ್ಚು. ಬಟ್ಟೆಯ ಅಲಂಕಾರವನ್ನು ಮಳೆಗಾಲದವರೆಗೆ ಬಿಟ್ಟರೆ ಬೂಸು ಹಿಡಿಯುತ್ತದೆ, ತೆನೆಯ ಹಾರಕ್ಕೆ ಇಲಿ ಬರುತ್ತದೆ. ಜನವರಿ 6ರ ಮೂರು ರಾಜರ ಹಬ್ಬ ಕಳೆದ ಮೇಲೆ ಇಳಿಸಿ. ತೆನೆಯನ್ನು ಕೋಳಿಗೆ ಹಾಕಿ, ಹುಲ್ಲನ್ನು ದನಕ್ಕೆ. ಕೌದಿಯಿಂದ ಬಿದಿರುಕಡ್ಡಿ ಎಳೆದು, ಒಗೆದು, ಬಿಸಿಲಿಗೆ ಹಾಕಿ. ಅಷ್ಟರಲ್ಲಿ ಓಣಿಯಲ್ಲಿ ಯಾರದಾದರೂ ಹೆರಿಗೆಯಾಗಿರುತ್ತದೆ. ಕೂಸಿನ ಕೆಳಗೆ ಹಾಸಲು ಅದನ್ನು ಅಜ್ಜಿಯ ಕೈಯಿಂದಲೇ ಕೊಡಿಸಿ. ಮುಂದಿನ ವರ್ಷದ್ದಕ್ಕೆ ಚಿಂದಿಯನ್ನು ಈಗಿನಿಂದಲೇ ಚೀಲಕ್ಕೆ ಹಾಕುತ್ತಿರಿ.